ಕೂಗದೆ ಬಂದ ಕ್ಪಿಂಗ

"ಬಾಯಿ ಮುಚ್ಕೊಂಡು ಎಸಿ ಅಂದೆ ತಾನೇ?"

"ಮುಚ್ಕೊಂಡೇ ಇದ್ದೆ ಅಕ್ಕಾ! ಅದು ತಾನಾಗೇ ತೆರ್ಕೊಳ್ತು!"

ಸಾರ್ಜೆಂಟ್ ನಾಮರುಸು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅಂಗಳದ ಆ ತುದಿಯಲ್ಲಿ ಕೋಲಿಗೆ ಸಿಕ್ಕಿಸಿದ್ದ ಪರಂಗಿಹಣ್ಣು ಎರಡು ಹೋಳಾಗಿ ಬಿದ್ದಿತ್ತು. ಅದರಾಚೆ ಮಣ್ಣಿನಲ್ಲಿ ಮದುಮಗ ರೆಂಜಿಯ ಅಭ್ಯಾಸದ ಕ್ಪಿಂಗ ನೆಟ್ಟುಕೊಂಡಿತ್ತು. ಮೂರು ದಿಕ್ಕಿಗೆ ಮೂರು ಅಲಗು ಚಾಚಿದ, ಮೊಳದುದ್ದದ ಎಸೆಗತ್ತಿ. ಇನ್ನೂ ಸಣ್ಣಗೆ ನಡುಗುತ್ತಲೇ ಇತ್ತು.

ಎಸೆತದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಬಾಯಿ. ಕತ್ತಿ ಕೈ ಬಿಡುವ ಮೊದಲೇ ರೆಂಜಿ ಬಾಗಿಡಿ ಎಂಬ ಆ ಊರಿಗೆಲ್ಲ ಕೇಳುವಂತೆ ಅರಚಿದ್ದ: "ಎಸೀತಿದ್ದೀನಿ, ನೋಡ್ಕೊಳ್ಳೀ! ನಾನು ರೆಂಜಿ, ಗಾಂಗುರಾನ ಮೊಮ್ಮಗ!"

ಮದುವೆಗೆ ಬಂದ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇಲಿಯ ಮೇಲಿನ ಕೋಳಿಯೊಂದು ಗಾಬರಿಯಾಗಿ ಯಾರದೋ ಹೆಗಲ ಮೇಲೆ ಹಾರಿ ಕೂತಿತ್ತು.

"ಇನ್ನೊಂದ್ಸಲ," ಎಂದಳು ನಾಮರುಸು. ಸಮವಸ್ತ್ರದ ಜೇಬಿನಿಂದ ಹುರಿದ ಗೆದ್ದಲನ್ನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಅದಿಲ್ಲದೆ ಅವಳ ತಲೆ ಓಡುತ್ತಿರಲಿಲ್ಲ. "ಈ ಸಲ ಬಾಯ್ತುಂಬ ಮರಗೆಣಸು ತುರುಕ್ಕೋ."

ಬೇಯಿಸಿದ ಮರಗೆಣಸು ಬಂತು. ರೆಂಜಿಯ ಕೆನ್ನೆ ಕಪ್ಪೆಯ ಕೆನ್ನೆಯಂತೆ ಉಬ್ಬಿತು. ಅವನು ಹಿಂದಕ್ಕೆ ಬಾಗಿ, ಸೊಂಟದ ಮಟ್ಟದಲ್ಲಿ ಕೈ ಬೀಸಿದ.

"ಎಫೀಥಿದ್ದೀನಿ, ನೋಡ್ಕೊ..."

ಮರಗೆಣಸಿನ ಚೂರು ಮಳೆಯಂತೆ ಮುಂದಿನ ಸಾಲಿನವರ ಮೇಲೆ ಬಿತ್ತು. ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದ ಅತ್ತೆಯೊಬ್ಬಳು ಮುಖ ಒರೆಸಿಕೊಳ್ಳುತ್ತ, "ಸಾಕು ಬಿಡೇ ನಾಮರುಸು! ಈ ಹುಡುಗ ನಿರಪರಾಧಿ. ನನ್ನ ಬಟ್ಟೇನೇ ಸಾಕ್ಷಿ!" ಎಂದಳು.

ನಗದೆ ನಿಂತಿದ್ದವನು ಒಬ್ಬನೇ. ಮದುಮಗಳ ಅಪ್ಪ ಬಂಗಿಯಾ. ಹಿಂದೆ ಫುಟ್‌ಬಾಲ್ ರೆಫರಿಯಾಗಿದ್ದವನು. ಸೀಟಿ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಅವನು ಅದನ್ನು ಜೋರಾಗಿ ಊದಿದ. ಎಲ್ಲರೂ ತೆಪ್ಪಗಾದರು.

ಅವನ ಸಿಟ್ಟಿಗೂ ಕಾರಣವಿತ್ತು. ಬೆಳಿಗ್ಗೆ ಚಹಾ ಹಿಡಿದು ಜಗುಲಿಗೆ ಬಂದವನಿಗೆ ಕಂಡದ್ದು, ತಾನು ದಿನಾ ಕೂರುವ ಕುರ್ಚಿಯ ಹಿಂದಿನ ತೇಗದ ಕಂಬದಲ್ಲಿ, ಸರಿಯಾಗಿ ತನ್ನ ತಲೆಯೆತ್ತರಕ್ಕೆ ಕಚ್ಚಿಕೊಂಡಿದ್ದ ಕ್ಪಿಂಗ. ಅದೂ ಯಾವುದು? ಅವತ್ತು ಸಂಜೆ ಗಂಡಿನ ಕಡೆಯವರು ಕನ್ಯಾಶುಲ್ಕವೆಂದು ಮರ್ಯಾದೆಯಿಂದ ತಂದು ಅವನ ಕೈಗಿಡಬೇಕಿದ್ದ, ರೆಂಜಿಯ ಮನೆತನದ ಹಳೇ ಕ್ಪಿಂಗ!

"ಹುಡುಗ ನಾಟಕ ಆಡ್ತಿದಾನೆ," ಎಂದ ಬಂಗಿಯಾ. "ಮಾವನ ತಲೆ ತೆಗೀಬೇಕು ಅಂತ ಬಂದವನು ಕೂಗಿ ಹೇಳಿ ಬರ್ತಾನಾ?"

"ನಾನ್ಯಾಕೆ ಮಾವ ನಿಮ್ಮ ತಲೆ ತೆಗೀಲಿ?" ರೆಂಜಿ ಅಳುವ ಹಾಗಾದ.

"ನಿನ್ನೆ ಮಾಂಸದ ಪಾಲಿನ ವಿಷಯಕ್ಕೆ ಜಗಳ ಆಡಿದ್ಯಲ್ಲ!"

"ಆಡಿದ್ದು ನೀವು! ನಾನು 'ಆಯ್ತು ಮಾವ, ಆಯ್ತು ಮಾವ' ಅಂತಷ್ಟೇ ಅಂದಿದ್ದು!"

"ಅದೇ! ಹಂಗೆ ಅಂದಿದ್ದೇ ಅನುಮಾನ!" ಮತ್ತೆ ಸೀಟಿ. "ನೋಡು ನಾಮರುಸು, ಸಂಜೆ ಕುಣಿತಕ್ಕೆ ಹಲಗೆವಾದ್ಯ ಶುರು ಆಗೋದ್ರೊಳಗೆ ಇದನ್ನ ಯಾರು ಎಸೆದದ್ದು ಅಂತ ಹೇಳು. ಇಲ್ಲಾಂದ್ರೆ ಮದುವೆ ಇಲ್ಲ. ಪಾಸ್ಕ್ವಿನಾನ ಕರ್ಕೊಂಡು ಯಾಂಬಿಯೊಗೆ ತಂಗಿ ಮನೆಗೆ ಹೋಗ್ತೀನಿ."

ಅಡುಗೆಮನೆಯ ಗುಡಿಸಲಿನ ಬಾಗಿಲಲ್ಲಿ ಮದುಮಗಳು ಪಾಸ್ಕ್ವಿನಾ ಒನಕೆ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದಳು. ರೆಂಜಿ ಅವಳತ್ತ ನೋಡಿದ. ಅವಳು ಅವನತ್ತ ನೋಡಿದಳು. ಅವನ ಗಲ್ಲಕ್ಕೆ ಅಂಟಿದ್ದ ಮರಗೆಣಸನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಇಂಥ ಜೋಡಿಯ ಮದುವೆ ನಿಲ್ಲುವುದೆಂದರೆ! ಈ ಹುಡುಗಿ ನಾಮರುಸುವಿನ ಮಡಿಲಲ್ಲೇ ಕೂತು ಮಾವಿನಹಣ್ಣು ತಿಂದು ಬೆಳೆದವಳು.

"ಅಣ್ಣಾ, ಒಂದು ಕೇಳ್ತೀನಿ," ಎಂದಳು ನಾಮರುಸು. "ನಮ್ಮ ಅಜಾಂಡೆ ಜನದಲ್ಲಿ ಕೂಗದೆ ಕ್ಪಿಂಗ ಕೈಬಿಟ್ಟವನಿಗೆ ಏನಂತಾರೆ?"

ಬಂಗಿಯಾ ಉತ್ತರಿಸಲು ಇಷ್ಟವಿಲ್ಲದವನಂತೆ ಸೀಟಿ ತಿರುಗಿಸಿದ. "ಹೆದರಿ ಬಿಸಾಕಿ ಓಡಿದ ಅಂತಾರೆ."

"ಆಮೇಲೆ?"

"ಆಮೇಲೇನು, ಅವನ ಮೊಮ್ಮಕ್ಕಳವರೆಗೂ ಆಡ್ಕೋತಾರೆ."

"ಅದಕ್ಕೇ ತಾನೇ ಕಾಡೆಮ್ಮೆ ಮೈಮೇಲೆ ಬಂದ್ರೂ ನಮ್ಮ ಗಂಡಸ್ರು ಮೊದಲು ಕೂಗೋದು, ಆಮೇಲೆ ಎಸೆಯೋದು? ಈಟಿ ಎಸೆದ್ರೆ ಯಾರೂ ಕೇಳಲ್ಲ. ಕ್ಪಿಂಗ ಕೈ ಬಿಟ್ರೆ, ಎಸೆದನೋ ಬಿಸಾಕಿದನೋ ಅಂತ ಆ ಕೂಗೇ ಹೇಳ್ಬೇಕು. ಬೆಳಿಗ್ಗೆ ಇಲ್ಲಿ ಯಾರಿಗಾದ್ರೂ ಕೂಗು ಕೇಳಿಸ್ತಾ?"

ಯಾರಿಗೂ ಕೇಳಿಸಿರಲಿಲ್ಲ. ಹೆಂಗಸರು ಆಗಲೇ ಎದ್ದು ಕಡಲೆಕಾಯಿ ಕುಟ್ಟುತ್ತಿದ್ದರು. ಕೇಳಿಸಿದ್ದು ಒನಕೆಯ ಸದ್ದೊಂದೇ.

"ಕೂಗಿಲ್ಲ ಅಂದ್ರೆ ಎಸೆತ ಇಲ್ಲ," ನಾಮರುಸು ಬೇಕೆಂದೇ ದನಿಯೇರಿಸಿ ಹೇಳಿದಳು. "ಎಸೆತ ಇಲ್ಲ ಅಂದ್ರೆ ಕೇಸೂ ಇಲ್ಲ. ಇನ್ನು ಸ್ವಲ್ಪ ಹೊತ್ತಲ್ಲಿ ಕತ್ತಿನ ಗಂಡಿನ ಮನೆಯವರಿಗೆ ವಾಪಸ್ ಕೊಟ್ಬಿಡ್ತೀನಿ."

ಹೇಳಿದವಳು ಯಾರ ಮುಖವನ್ನೂ ನೋಡದೆ ಕಂಬದ ಕಡೆ ನಡೆದಳು.

ಕತ್ತಿ ಇನ್ನೂ ಕಂಬದಲ್ಲೇ ಇತ್ತು. ಬೆಳಿಗ್ಗೆಯಿಂದ ಯಾರೂ ಮುಟ್ಟದಂತೆ ಅವಳೇ ಕಾವಲಿಟ್ಟಿದ್ದಳು. ಎಸೆದ ಕ್ಪಿಂಗ ಬುಗುರಿಯಂತೆ ಅಡ್ಡಡ್ಡ ಸುತ್ತುತ್ತ ಬರುತ್ತದೆ. ಕಚ್ಚಿದರೆ ಅಡ್ಡಡ್ಡ ಕಚ್ಚಬೇಕು. ಇದು ಬಾಗಿಲ ಚಿಲಕದ ಹಾಗೆ ನೆಟ್ಟಗೆ, ಮೇಲಿಂದ ಕೆಳಗೆ ನಿಂತಿತ್ತು. ಅಲ್ಲಿಗೆ ಅರ್ಧ ಕತೆ ಗೊತ್ತಾಯಿತು.

ಉಳಿದರ್ಧವನ್ನು ಇರುವೆಗಳು ಹೇಳಿದವು.

ಕಂಬದ ಬುಡದಿಂದ ಸಣ್ಣ ಕೆಂಪಿರುವೆಗಳ ಸಾಲೊಂದು ಮೆರವಣಿಗೆ ಹೊರಟಿತ್ತು. ಮೇಲೆ, ಮೇಲೆ, ಕ್ಪಿಂಗದ ಹಿಂಬದಿಯ ದಪ್ಪ ಅಂಚಿನವರೆಗೂ.

"ಕಬ್ಬಿಣ ತಿನ್ನೋ ಚಟ ಯಾವಾಗಿಂದ ಹತ್ತಿಸ್ಕೊಂಡ್ರಿ?" ನಾಮರುಸು ಇರುವೆಗಳನ್ನೇ ಕೇಳಿದಳು.

ಅಂಚಿನ ಮೇಲೆ ಬೆರಳಾಡಿಸಿದಳು. ಜಿಡ್ಡು. ಮೂಸಿದಳು. ಕಡಲೆಕಾಯಿ! ಅಂಚಿನಲ್ಲಿ ಹೊಸದಾಗಿ ಜಜ್ಜಿದ ಗುರುತೂ ಇತ್ತು. ಕತ್ತಿಯನ್ನು ಯಾರೂ ಎಸೆದಿರಲಿಲ್ಲ. ಕಂಬಕ್ಕೆ ಹಿಡಿದು, ಒನಕೆಯಿಂದ ಬಡಿದು ಕೂರಿಸಿದ್ದರು. ಒಳಗೆ ಕುಟ್ಟುವ ಸದ್ದಿನ ನಡುವೆ ಹೊರಗಿನ ನಾಲ್ಕು ಏಟು ಯಾರಿಗೆ ತಿಳಿದೀತು?

ಕತ್ತಿಯನ್ನು ಅಲ್ಲಾಡಿಸಿ ಕಿತ್ತು, ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಮಾವಿನಮರದ ನೆರಳಲ್ಲಿ ಕೂತಳು. ಯಾರಾದರೂ ಬಂದೇ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಬಂದವನು ಬಾಡೋಬೊ.

ಬಾಡಿಗೆ ಬೈಕ್ ಓಡಿಸುವ ಬಾಡೋಬೊ. ಕಪ್ಪು ಕನ್ನಡಕ, ಹೊಳೆಯುವ ಬೂಟು, ಬೈಕಿನ ಹಿಂದೆ ಪ್ಲಾಸ್ಟಿಕ್ ಹೂವಿನ ಹಾರ. ಹಿಂದಿನ ವರ್ಷ ಪಾಸ್ಕ್ವಿನಾಳನ್ನು ಕೇಳಲು ಬಂದು, ಅವಳಿಂದ ಒಂದು ಲೋಟ ನೀರು ಮತ್ತು ದೊಡ್ಡದೊಂದು "ಇಲ್ಲ" ಪಡೆದು ಹೋಗಿದ್ದವನು. ಹುಟ್ಟಿದ್ದು ಇಲ್ಲೇ ಆದರೂ ಬೆಳೆದದ್ದೆಲ್ಲ ರಾಜಧಾನಿ ಜೂಬಾದಲ್ಲಿ.

"ಸಾರ್ಜೆಂಟಮ್ಮಾ, ನಾನೊಂದು ಸಾಕ್ಷಿ ಹೇಳ್ಬೇಕು."

"ಹೇಳಪ್ಪಾ. ಕನ್ನಡಕ ತೆಗೆದು ಹೇಳು. ನನ್ನ ಮುಖಾನೇ ಎರಡೆರಡು ಕಾಣಿಸ್ತಿದೆ ಅದರಲ್ಲಿ."

ಬಾಡೋಬೊ ಕನ್ನಡಕ ತೆಗೆದ. "ಬೆಳಿಗ್ಗೆ ಈ ಬೇಲಿ ಪಕ್ಕದಲ್ಲೇ ಗಾಡಿ ತಳ್ಕೊಂಡು ಹೋಗ್ತಿದ್ದೆ. ಪೆಟ್ರೋಲ್ ಇರ್ಲಿಲ್ಲ. ಆಗ ಕೂಗು ಕೇಳಿಸ್ತು."

ಅಕ್ಕಪಕ್ಕ ಕೂತವರು ಕಿವಿ ನಿಮಿರಿಸಿದರು. ಬಂಗಿಯಾ ಕುರ್ಚಿಯಿಂದಲೇ ಅರ್ಧ ಎದ್ದ.

"ಯಾರ ಕೂಗು? ಯಾವನ ಹೆಸರು ಕೂಗಿದ್ರು?" ಎಂದ.

"ಹೆಸರು ಸರಿಯಾಗಿ ಕೇಳಿಸ್ಲಿಲ್ಲ. ಆದ್ರೆ ರೆಂಜಿ ಗಂಟಲಂತೂ ಅಲ್ವೇ ಅಲ್ಲ. ದೇವರಾಣೆ. ಬೇರೆ ಯಾರೋ. ಅದಕ್ಕೇ, ಕೇಸು ಮುಚ್ಬೇಡಿ ಸಾರ್ಜೆಂಟಮ್ಮ. ಕತ್ತಿನ ನೀವೇ ಇಟ್ಕೊಳ್ಳಿ. ನಿಧಾನಕ್ಕೆ ತನಿಖೆ ಮಾಡಿ. ನಾಳೆ, ನಾಡಿದ್ದು..."

"ಅಬ್ಬಾ, ಏನು ಕಾಳಜಿ! ಸರಿ, ಹೇಗಾಯ್ತು ಅಂತ ಸ್ವಲ್ಪ ಆಡಿ ತೋರ್ಸು."

ಬಾಡೋಬೊಗೆ ಇಷ್ಟು ಜನ ನೋಡುವುದೆಂದರೆ ಖುಷಿಯೇ. ಎದ್ದು ನಿಂತ. ಕೈ ಬೀಸಿದ. ನಾಲಗೆಯಲ್ಲಿ "ಟಕ್!" ಎಂದು ಕತ್ತಿ ಕಂಬಕ್ಕೆ ಬಡಿದ ಸದ್ದು ಮಾಡಿದ. ಆಮೇಲೆ ಎರಡೂ ಕೈ ಮೇಲೆತ್ತಿ, ಗೋಲು ಹೊಡೆದವನಂತೆ, "ಆಯ್ಯಾಯ್ಯಾಯ್!" ಎಂದ.

ಅಂಗಳಕ್ಕೆ ಅಂಗಳವೇ ನಗೆಯಲ್ಲಿ ಸ್ಫೋಟಿಸಿತು.

"ಬಡಿದ ಮೇಲೆ ಕೂಗಿದ್ನಂತೆ!" ಮರಗೆಣಸಿನ ಅತ್ತೆಗೆ ಕಣ್ಣಲ್ಲಿ ನೀರೇ ಬಂತು. "ಲೋ ಜೂಬಾ ಸಾಹೇಬ, ಅಷ್ಟೊತ್ತಿಗೆ ಹೇಡಿ ಅಂತ ಹೆಸರಿಟ್ಟು, ಕಳ್ಳು ಕುಡಿದು, ಊರೆಲ್ಲ ಮಲಗಿರುತ್ತೆ ಕಣೋ!"

ಬಂಗಿಯಾ ಕೂಡ ನಕ್ಕುಬಿಟ್ಟ. ನಕ್ಕದ್ದು ಗೊತ್ತಾಗದಿರಲೆಂದು ಸೀಟಿ ಊದಿದ. ನಗುತ್ತ ಊದಿದ್ದರಿಂದ ಅದು ಮೇಕೆ ಕೂಗಿದಂತೆ ಕೇಳಿಸಿತು.

ಬಾಡೋಬೊ ಕನ್ನಡಕ ಮತ್ತೆ ಹಾಕಿಕೊಂಡ.

ನಾಮರುಸು ನಗುತ್ತಿದ್ದರೂ ಅವಳ ತಲೆ ಓಡುತ್ತಿತ್ತು. ಇವನು ಸುಳ್ಳು ಹೇಳಿದ, ಸರಿ. ಆದರೆ ಇದೆಂಥ ಸುಳ್ಳು? ತನ್ನ ಹುಡುಗಿಯನ್ನು ಗೆದ್ದವನನ್ನು ಒಂದೇ ಮಾತಲ್ಲಿ ಮುಳುಗಿಸಬಹುದಿತ್ತು. ರೆಂಜಿಯ ಗಂಟಲೇ ಕೇಳಿಸಿತು ಎಂದಿದ್ದರೆ ಮದುವೆಯೂ ಇಲ್ಲ, ಗಿದುವೆಯೂ ಇಲ್ಲ. ಅದು ಬಿಟ್ಟು, ರೆಂಜಿಯನ್ನು ಉಳಿಸಲು ದೇವರಾಣೆ ಇಟ್ಟ. ಕೇಸು ಮಾತ್ರ ಮುಚ್ಚಬೇಡಿ, ಕತ್ತಿ ಮಾತ್ರ ವಾಪಸ್ ಕೊಡಬೇಡಿ ಎಂದ.

ರೆಂಜಿಗೆ ಕೂದಲೂ ಕೊಂಕಬಾರದು, ಕತ್ತಿ ಪೊಲೀಸಿನವರ ಹತ್ತಿರವೇ ಇರಬೇಕು. ಹೀಗೆ ಬಯಸುವವರು ಯಾರು? ಬಾಡೋಬೊನನ್ನು ಹೀಗೆ ಕುಣಿಸಬಲ್ಲವರು ಊರಿನಲ್ಲಿ ಯಾರಿದ್ದಾರೆ?

ಅವಳು ಎದ್ದಳು. ಬಟ್ಟೆ ಕೊಡವಿಕೊಂಡು ಅಡುಗೆಮನೆಗೆ ಹೋದಳು.

ಒಳಗೆ ಎಳ್ಳಿನ ಗೊಜ್ಜು ಕುದಿಯುವ ಘಮ. "ಎಲ್ಲಾ ಸ್ವಲ್ಪ ಹೊರಗೆ ನಡೀರಿ. ಮದುಮಗಳಿಗೆ ಬುದ್ಧಿ ಹೇಳೋದಿದೆ," ಎಂದಳು ನಾಮರುಸು. ಹೆಂಗಸರು ಒಬ್ಬರ ಪಕ್ಕೆ ಒಬ್ಬರು ತಿವಿಯುತ್ತ, ಮುಸಿಮುಸಿ ನಗುತ್ತ ಹೊರಟರು. ಮೊದಲ ರಾತ್ರಿಯ ಬುದ್ಧಿಮಾತೆಂದೇ ಅವರು ತಿಳಿದದ್ದು.

ಪಾಸ್ಕ್ವಿನಾ ಒಬ್ಬಳೇ ಉಳಿದಳು.

"ಒನಕೆ ತೋರ್ಸು," ಎಂದಳು ನಾಮರುಸು.

"ಯಾಕತ್ತೆ?"

"ಕಬ್ಬಿಣಕ್ಕೆ ಬಡಿದ ಒನಕೆಯಲ್ಲಿ ಗಾಯ ಇರುತ್ತೆ."

ಪಾಸ್ಕ್ವಿನಾ ಒನಕೆಯನ್ನು ಬೆನ್ನ ಹಿಂದೆ ಸರಿಸಿದಳು. ಒನಕೆ ಅವಳಿಗಿಂತ ಉದ್ದವಿತ್ತು. ತುದಿ ತಲೆಯ ಮೇಲೆ ಇಣುಕುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಇಬ್ಬರಿಗೂ ನಗು ಬಂತು.

"ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ!"

"ಬಾಡೋಬೊ ನನಗಿಂತ ದಡ್ಡ ಅತ್ತೆ. ನೀವು ಕೇಸಿಲ್ಲ ಅಂದ ಕೂಡ್ಲೇ ಅವನ್ನ ಕರ್ದು, ಮೊದಲು ಕೂಗು, ಆಮೇಲೆ ಟಕ್ ಅಂತ ಎಷ್ಟು ಸಲ ಹೇಳ್ಕೊಟ್ಟೆ!"

"ಕತ್ತಿನೂ ಅವನೇ ತಂದ್ಕೊಟ್ನಾ?"

"ಹೂಂ. ರೆಂಜಿ ಮನೆ ಹೊರಗೋಡೆ ಮೇಲಿತ್ತು. ಪಾಪ, ನಾನು ಕೇಳ್ದೆ ಅಂತ ತಂದ. ಬದಲಿಗೆ ನನ್ನ ಚಿಕ್ಕಪ್ಪನ ಮಗಳ ಹತ್ರ ಅವನ ಬಗ್ಗೆ ಒಳ್ಳೆ ಮಾತಾಡ್ತೀನಿ ಅಂದಿದೀನಿ."

ನಾಮರುಸು ಒರಳಿನ ಅಂಚಿಗೆ ಕೂತಳು. "ಮಗಳೇ, ಈಗ ನಗು ಸಾಕು. ನಿನ್ನ ಮದುವೆನ ನೀನೇ ಯಾಕೆ ಕೆಡಿಸ್ಕೊತಿದೀಯ? ರೆಂಜಿ ಬೇಡ್ವಾ?"

"ಬೇಡ್ವಾ ಅಂತೆ! ನನಗೆ ರೆಂಜಿ ಬೇಕು ಅತ್ತೆ. ಇವತ್ತೇ ಬೇಕು." ಅವಳ ಕಣ್ಣು ತುಂಬಿತು. ತುಟಿ ಮಾತ್ರ ಇನ್ನೂ ನಗುತ್ತಿತ್ತು. "ಆ ಕತ್ತಿ ಅಪ್ಪನ ಕೈಗೆ ಹೋಗ್ಬಾರ್ದು ಅಷ್ಟೇ. ಹೋದ್ರೆ ಅದನ್ನ ಕಮ್ಮಾರನಿಗೆ ಕೊಟ್ಟು ಗುದ್ದಲಿ ಮಾಡಿಸ್ತಾರಂತೆ. ಮಾತೂ ಆಗಿದೆ. ನಿಮ್ಮ ಕೈಗೆ ಬರ್ಲಿ ಅಂತ ಕಂಬಕ್ಕೆ ಹೊಡ್ದೆ. ಕೂಗಿಲ್ಲ ಅಂದ್ಮೇಲೆ ರೆಂಜಿನ ಯಾರೂ ಅನುಮಾನಿಸಲ್ಲ ಅಂದ್ಕೊಂಡೆ. ಸಿಟ್ಟು ಬಂದ್ರೆ ಅಪ್ಪನಿಗೆ ತನ್ನ ಹೆಸರೂ ನೆನಪಿರಲ್ಲ ಅನ್ನೋದು ಮರ್ತೇಹೋಗಿತ್ತು."

"ನನ್ನ ಕೈಗೆ ಯಾಕೆ?"

"ಹಿಡಿ ಬಿಚ್ಚಿ ನೋಡಿ."

ಕ್ಪಿಂಗದ ಹಿಡಿಗೆ ನಾರಿನ ಹೊಸ ಹುರಿ ಬಿಗಿಯಾಗಿ ಸುತ್ತಿತ್ತು. ಮದುವೆಗೆ ಮೊದಲು ಕತ್ತಿಗೆ ಬೂದಿ ಹಚ್ಚಿ ಬೆಳಗಿ, ಹಿಡಿಗೆ ಹೊಸ ನಾರು ಸುತ್ತಿ ಕೊಡುವುದು ಮದುಮಗಳ ಕೆಲಸ. ನಾಮರುಸು ಉಗುರಿನಿಂದ ತುದಿ ಬಿಡಿಸಿದಳು. ಸುತ್ತು ಸುತ್ತಾಗಿ ನಾರು ಬಿಚ್ಚಿಕೊಂಡಿತು.

ಕಬ್ಬಿಣದ ಮೇಲೆ ಉಳಿಯಿಂದ ಕೊರೆದ ಆಮೆ. ಆಮೆಗೆ ಮೂರೇ ಕಾಲು.

"ನಾರು ಸುತ್ತೋವಾಗ ನೋಡ್ದೆ. ನಿಮ್ಮನೆ ಗೋಡೆ ಮೇಲಿನ ಗುರಾಣಿ ಹಿಂದೆ ಇದೇ ಆಮೆ ಇದೆ," ಎಂದಳು ಪಾಸ್ಕ್ವಿನಾ ಮೆಲ್ಲಗೆ. "ಚಿಕ್ಕೋಳಿದ್ದಾಗ ಕೇಳಿದ್ದೆ, ಇದಕ್ಯಾಕೆ ಒಂದು ಕಾಲಿಲ್ಲ ಅಂತ. 'ನಮ್ಮಜ್ಜನಿಗೆ ಕೊರೆಯೋಕೆ ಸೋಮಾರಿತನ' ಅಂದಿದ್ರಿ."

ನಾಮರುಸು ಆಮೆಯ ಮೂರು ಕಾಲನ್ನೂ ಉಗುರಿನಿಂದ ಎಣಿಸಿದಳು.

ಅವಳ ಅಜ್ಜ ಮೆಕಾನ. ಕಾಡೆಮ್ಮೆ ಬೇಟೆಗೆ ಹೋಗಿ ಬರಿಗೈಯಲ್ಲಿ ಬಂದ ಮೆಕಾನ. ಹೆದರಿ ಕ್ಪಿಂಗ ಬಿಸಾಕಿ ಓಡಿದ ಎಂದು ಊರೇ ಆಡಿಕೊಂಡಿತ್ತು. ಸಾಯುವವರೆಗೂ ಅವನು ಒಂದು ಮಾತೂ ಎದುರಾಡಿರಲಿಲ್ಲ. ಅವಳ ಅಪ್ಪ ಆ ಹೆಸರು ಹೊತ್ತುಕೊಂಡೇ ಬದುಕಿದ. ಅವಳು ಪೊಲೀಸು ಸೇರಿದ ದಿನವೂ ಯಾರೋ ಹಿಂದಿನಿಂದ, "ಬಂದೂಕನಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳಮ್ಮ" ಎಂದಿದ್ದರು. ಅವತ್ತಿನ ಬೇಟೆಯಲ್ಲಿ ಮೆಕಾನನ ಪಕ್ಕ ಇದ್ದವನು, ಅವನು ಓಡಿದ್ದನ್ನು ಕಣ್ಣಾರೆ ಕಂಡೆ ಎಂದವನು, ಒಬ್ಬನೇ.

ರೆಂಜಿಯ ತಾತ ಗಾಂಗುರಾ.

"ಅದಕ್ಕೇ ನನ್ನ ಬಾಯಿಂದ ಹೇಳೋಕಾಗ್ಲಿಲ್ಲ," ಎಂದಳು ಪಾಸ್ಕ್ವಿನಾ. "ಗಂಡನ ಮನೆಯವರನ್ನ ಕಳ್ಳರು ಅನ್ನೋದು ಹೇಗೆ? ಅನ್ನದೆ ನಿಮ್ಮ ಮುಖ ನೋಡೋದು ಹೇಗೆ?"

"ಸಾರ್ಜೆಂಟಮ್ಮಾ!"

ಬಾಗಿಲಲ್ಲಿ ಗಾಂಗುರಾನೇ ನಿಂತಿದ್ದ. ಬಿಳಿ ಅಂಗಿ, ಟೋಪಿಯಲ್ಲಿ ಕೆಂಪು ಗರಿ, ಬೊಚ್ಚು ಬಾಯಿಯ ತುಂಬ ನಗು. ಹಿಂದೆ ಅಂಗಳದಲ್ಲಿ ಬಾಳೆದಿಂಡುಗಳ ಮೇಲೆ, ಕೋಲಿನಿಂದ ಬಡಿದು ನುಡಿಸುವ ಹಲಗೆವಾದ್ಯದ ದಪ್ಪ ಮರದ ಹಲಗೆಗಳನ್ನು ಜೋಡಿಸುತ್ತಿದ್ದರು. ರೆಂಜಿ ಮುಖ ತೊಳೆದುಕೊಂಡು, ಹೊಸ ಅಂಗಿ ಹಾಕಿಕೊಂಡು ಎಲ್ಲರ ಕೈ ಕುಲುಕುತ್ತಿದ್ದ. ಬಂಗಿಯಾ ಅವನ ಬೆನ್ನು ತಟ್ಟುತ್ತಿದ್ದ.

"ಎಸೆತ ಇಲ್ಲ, ಕೇಸಿಲ್ಲ ಅಂದ್ಯಂತೆ. ಬೀಗರು ಸಮಾಧಾನ ಆದ್ರು. ಕ್ಪಿಂಗ ಕೊಡಮ್ಮ, ಹೊತ್ತಾಯ್ತು."

ನಾಮರುಸು ಎದ್ದು, ಬಿಚ್ಚಿದ ಹಿಡಿಯನ್ನು ಬೆಳಕಿಗೆ ಹಿಡಿದಳು. ಮುದುಕನ ಮುಖ ಬಿಳಿಚುವುದನ್ನು ನೋಡಲು ಕಾದಳು.

ಅದು ಬಿಳಿಚಲಿಲ್ಲ. ಅರಳಿತು.

"ಕೊನೆಗೂ ಬಿಚ್ಚಿದ್ಯಾ!" ಗಾಂಗುರಾ ಚಪ್ಪಾಳೆ ತಟ್ಟಿದ. "ಯಾರಾದ್ರೂ ಬಿಚ್ಚಿ ನೋಡ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ? ನನ್ನ ಮನೇಲಿ ಎಲ್ಲಾ ಸೋಮಾರಿಗಳು!"

"ತಾತ, ಇದು ನಮ್ಮಜ್ಜಂದು."

"ಮತ್ತಿನ್ನಾರ್ದು? ಮೂರು ಕಾಲಿನ ಆಮೆ ಬೇರೆ ಯಾವ ಗಂಡಸು ಕೊರೀತಾನೆ?"

"ಕದ್ರಾ?"

"ಕದಿಯೋದಾ! ಮೆಕಾನನೇ ನನ್ನ ಕೈಗೆ ಕೊಟ್ಟ ಮಗಳೇ. ಕೊಟ್ಟು, ನನ್ನ ಮೊಣಕಾಲು ಹಿಡ್ಕೊಂಡು ಬೇಡ್ದ. 'ನಾನು ಹೆದರಿ ಬಿಸಾಕಿದೆ ಅಂತ ಊರಿಗೆಲ್ಲ ಹೇಳು' ಅಂತ. ನಿನ್ನಜ್ಜನಂಥ ಧೈರ್ಯವಂತನ್ನ ನಾನು ಇನ್ನೂ ನೋಡಿಲ್ಲ."

ನಾಮರುಸು ಕತ್ತಿಯನ್ನು ಕೆಳಗಿಳಿಸಿದಳು. "ಧೈರ್ಯವಂತ ಹಾಗ್ಯಾಕೆ ಬೇಡ್ಕೋತಾನೆ? ಯಾಕೆ ತಾತ?"

ಮುದುಕ ಮದುಮಗಳ ಕಡೆ ನೋಡಿದ. ಅವನ ನಗು ಮೊದಲ ಬಾರಿಗೆ ಸ್ವಲ್ಪ ತಗ್ಗಿತು.

"ಅವತ್ತು ನಿಜವಾಗಿ ಓಡಿದವನು ಯಾರು ಅಂತ ಹೇಳ್ಬಿಟ್ರೆ ಇವಳಪ್ಪ ಈ ಮದುವೆ ಮಾಡಲ್ಲ. ಹೇಳದಿದ್ರೆ ನೀನು ನನ್ನ ಬಿಡಲ್ಲ."

ಅಂಗಳದಲ್ಲಿ ಹಲಗೆವಾದ್ಯದ ಮೊದಲ ಏಟು ಬಿತ್ತು. ನೆಲ ಸಣ್ಣಗೆ ಅದುರಿತು. ಹೆಂಗಸರ ಹರ್ಷದ ಉಲಿ ಮೇಲೆದ್ದಿತು.

ಗಾಂಗುರಾ ಎರಡೂ ಕೈಗಳನ್ನು ಜೋಡಿಸಿ ಮುಂದೆ ಚಾಚಿದ. ಕತ್ತಿಗೂ ಸರಿ, ಕೋಳಕ್ಕೂ ಸರಿ.

"ಬೇಗ ಹೇಳು ಸಾರ್ಜೆಂಟಮ್ಮ," ಎಂದ. "ಕಾಲು ಆಗ್ಲೇ ಕುಣೀತಿದೆ. ಏನು ಹಾಕ್ತೀಯ ಈ ಕೈಗೆ?"